ಸತ್ತದ್ದು ಮೊದಲು ಬರೆಸಿದ ಮಾಸ್ತರು

ಮಕ್ಬೂಲ್ ಮಾಸ್ತರು ತೊಗರಿ ಹೊಲಕ್ಕೆ ಕಾಲಿಟ್ಟರೆ ಹಸಿರಿನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನೆಟೆ ರೋಗಕ್ಕೆ ಒಣಗಿ ನಿಂತ ಗಿಡಗಳನ್ನೇ ಒಂದೊಂದಾಗಿ ಮುಟ್ಟಿ ಎಣಿಸುತ್ತಿದ್ದರು. "ಸತ್ತದ್ದು ಮೊದಲ ಬರೀರಿ. ಬದುಕಿದ್ದು ಎಲ್ಲಿ ಓಡಿ ಹೋಗ್ತದ?" ಅನ್ನುವರು.

ಚೌಡಾಪುರದಲ್ಲಿ ನನಗೆ ವಿಜ್ಞಾನ ಕಲಿಸಿದವರು. ನಿವೃತ್ತರಾದ ಮೇಲೂ ಸುಮ್ಮನೆ ಕೂಡುವ ಜೀವವಲ್ಲ. ಆಳಂದ, ಅಫಜಲಪುರ, ಜೇವರ್ಗಿಯ ಹನ್ನೆರಡು ಮಂದಿ ರೈತರನ್ನು ಹಿಡಿದು, ಪ್ರತಿಯೊಬ್ಬರ ಹೊಲದಲ್ಲೂ ಬೀಜಕ್ಕೆ ಔಷಧದ ಪುಡಿ ಹಚ್ಚಿದ ನಾಲ್ಕು ಸಾಲು, ಹಚ್ಚದ ನಾಲ್ಕು ಸಾಲು ಬಿತ್ತಿಸಿದರು. ಆ ಪುಡಿ ನೆಟೆ ರೋಗವನ್ನು ತಡೆಯುತ್ತದೋ ಇಲ್ಲವೋ ನೋಡಬೇಕಿತ್ತು. ಬಂದ ಲೆಕ್ಕವೆಲ್ಲ ಚಹಾದಂಗಡಿಯ ಗೋಡೆಗೆ ಅಂಟುತ್ತಿತ್ತು; ಯಾರು ಬೇಕಾದರೂ ಓದಬಹುದು, ತಪ್ಪಿದ್ದರೆ ಜಗಳವಾಡಬಹುದು. ಇದೆಂಥ ಸಂಶೋಧನೆ ಅಂತ ದೊಡ್ಡ ದೊಡ್ಡ ಪ್ರೊಫೆಸರರು ಬಂದು ನಕ್ಕರು. ಮಾಸ್ತರು ಅವರಿಗೂ ಚಹಾ ಕುಡಿಸಿ ಕಳಿಸಿದರು.

ಆ ಲೆಕ್ಕದ ಮೇಲೆಯೇ ನಾನು ಸಂಶೋಧನಾ ಲೇಖನ ಬರೆದೆ. ಹನ್ನೆರಡರಲ್ಲಿ, ಕೊಳಕೂರ ಊರಿನದೂ ಸೇರಿ ಮೂರು ಹೊಲಗಳಲ್ಲಿ ಪುಡಿ ಏನೂ ಕೆಲಸ ಮಾಡಿರಲಿಲ್ಲ. ಸೋತದ್ದನ್ನು ಯಾವ ಪತ್ರಿಕೆ ಅಚ್ಚು ಹಾಕುತ್ತದೆ? ಲೇಖನ ಅಚ್ಚಾಗದೆ ಕಾಲೇಜಿನ ನೌಕರಿ ಯಾರು ಕೊಡುತ್ತಾರೆ? ಆ ಮೂರನ್ನು ಬಿಟ್ಟೆ. ಮಾಸ್ತರಿಗೆ ತೋರಿಸದೆಯೇ ಅವರ ಹೆಸರನ್ನೂ ನನ್ನ ಹೆಸರಿನ ಪಕ್ಕ ಹಾಕಿದೆ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ, ಹುಚ್ಚಿ.

ಲೇಖನ ಅಚ್ಚಾಯಿತು, ನೌಕರಿ ಸಿಕ್ಕಿತು. ಚಹಾದಂಗಡಿಯ ಗೋಡೆ ನೋಡದ ಜಿಡಗಾ ಊರಿನ ಕೆಲವು ರೈತರು, ಲೇಖನದಲ್ಲಿ ಮಾಸ್ತರ ಹೆಸರಿದೆ ಅಂತ ಕೇಳಿ, ಪುಡಿ ನಂಬಿ ಬಿತ್ತಿದರು. ತೊಗರಿ ನಿಂತಲ್ಲೇ ಒಣಗಿತು. ಮಾಸ್ತರು ಮನೆಮನೆಗೆ ಹೋಗಿ ತಪ್ಪು ನನ್ನದೇ ಅಂತ ಕೈಮುಗಿದರಂತೆ. ನನ್ನ ಹೆಸರು ಎತ್ತಲೇ ಇಲ್ಲವಂತೆ.

ಕೊನೆಯ ಸಲ ಮಾಸ್ತರ ಮನೆಗೆ ಹೋದಾಗ ಬೈಯಲಿ ಅಂತ ಕಾದೆ. ಬೈಯಲಿಲ್ಲ. ರೊಟ್ಟಿ, ಪುಂಡಿಪಲ್ಯ ಉಣ್ಣಿಸಿ, ಕೈತೊಳೆದ ಮೇಲೆ ಅಂದರು:

"ಬೇಟಿ, ನೌಕರಿ ಮಾಡು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಆ ಮೂರು ಹೊಲ ಬರಿ. ನಾ ಇರೂದ್ರೊಳಗ ಬರಿ."

ಹೂಂ ಅಂದೆ. ಆಮೇಲೆ ಪ್ರೊಬೇಷನ್ ಅಂತ ಒಂದು ವರ್ಷ, ಬಡ್ತಿ ಅಂತ ಇನ್ನೊಂದು ವರ್ಷ ಮುಂದೂಡಿದೆ. ಅಷ್ಟರಲ್ಲಿ ಮಾಸ್ತರು ತೀರಿಕೊಂಡರು. ಅವರ ಮನೆಗೆ ಹೋಗಿ ಹೆಂಗಸರ ನಡುವೆ ಕೂತು ಬಂದೆ, ಅಳು ಬರಲಿಲ್ಲ. ಏನೂ ಅನಿಸಲಿಲ್ಲ. ಈಗಲೂ ಅನಿಸುವುದಿಲ್ಲ, ಅದೇ ನನಗೆ ಹೆದರಿಕೆ.

ಹೋದ ವಾರ ಮೂರೂ ಹೊಲ ಸೇರಿಸಿ ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ಎರಡೇ ದಿನಕ್ಕೆ ಒಂದು ಫಾರಂ ಬಂತು. ಇಬ್ಬರು ಲೇಖಕರೂ ಸಹಿ ಮಾಡಿದರೆ ಮಾತ್ರ ತಿದ್ದುಪಡಿ ಅಚ್ಚಾಗುತ್ತದಂತೆ.

ನನ್ನ ಸಹಿ ಹಾಕಿಟ್ಟಿದ್ದೇನೆ.