ಗುಟುಕಮ್ಮನ ಮೂರು ಲೋಟ

ತಂಪು ಪಾನೀಯದ ಆ ಕಾರ್ಖಾನೆಯಲ್ಲಿ ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ ಅವಳು ಗುಟುಕಮ್ಮ. ಒಂದು ಗುಟುಕು ತೆಗೆದುಕೊಳ್ಳುವುದು, ಬಾಯಲ್ಲಿ ಮೂರು ಸುತ್ತು ತಿರುಗಿಸುವುದು, ಮೂಗಿನಿಂದ ಮೆಲ್ಲಗೆ ಉಸಿರು ಬಿಡುವುದು, ತೊಟ್ಟಿಗೆ ಉಗಿಯುವುದು. ಇಪ್ಪತ್ತಾರು ವರ್ಷ ಅವಳು ಮಾಡಿದ್ದು ಇಷ್ಟೇ. ಇಷ್ಟೇ ಎಂಬ ಮಾತು ಅವಳ ಕಿವಿಗೇನಾದರೂ ಬಿದ್ದರೆ ಆಡಿದವರ ಗ್ರಹಚಾರ ಬಿಡಿಸಿಬಿಡುತ್ತಿದ್ದಳು.

ಕೆಲಸಕ್ಕೆ ಸೇರಿದ್ದು ಬಾಟಲಿ ತೊಳೆಯಲು. ಒಂದು ದಿನ ಕುಡಿಯಲು ಹಿಡಿದ ನೀರನ್ನು ಮೂಸಿ ನೋಡಿ, "ಇದು ಎರಡನೇ ಟ್ಯಾಂಕಿನ ನೀರು. ಹೊಸ ಪೈಪು ಹಾಕಿದ್ದೀರ" ಎಂದಳು. ಪೈಪು ಹಾಕಿ ಎರಡು ಗಂಟೆಯೂ ಆಗಿರಲಿಲ್ಲ, ಹಾಕಿದವನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮಾರನೆಯ ದಿನವೇ ಅವಳನ್ನು ರುಚಿ ನೋಡುವ ಕೋಣೆಗೆ ಕರೆದರು. ಅಂದಿನಿಂದ ಕೆಲಸದ ದಿನ ಈರುಳ್ಳಿ ಮುಟ್ಟಲಿಲ್ಲ, ಮೈಗೆ ಸೆಂಟು ತಾಕಿಸಲಿಲ್ಲ, ಸುಡುಸುಡುವ ಚಹಾ ಕುಡಿಯಲಿಲ್ಲ. ಮದುವೆಯ ಹೊಸತರಲ್ಲಿ ಗಂಡ ಆಸೆಪಟ್ಟು ತಂದ ಸೆಂಟಿನ ಬಾಟಲಿ ಇವತ್ತಿಗೂ ಬೀರುವಿನಲ್ಲಿ ಮುಚ್ಚಳ ಬಿಗಿದುಕೊಂಡು ಕೂತಿದೆ.

ಅವಳದೇ ಆದ ಇನ್ನೊಂದು ಕಟ್ಟುನಿಟ್ಟೂ ಇತ್ತು. ಪಾನೀಯ ತುಂಬಿ ಮಾರುವ ಡಬ್ಬಿಯ ಕಡೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಕಿತ್ತಳೆಯ ಚಿತ್ರ ಕಂಡರೆ ನಾಲಿಗೆ ತಾನಾಗಿ ಕಿತ್ತಳೆ ಎನ್ನುತ್ತದೆ, ಅದಕ್ಕೆ ಕಣ್ಣನ್ನು ನಂಬಬಾರದು ಎಂಬುದು ಅವಳ ವಾದ. ಕೋಣೆಯಲ್ಲಿ ಬಣ್ಣ ತಿಳಿಯದಂತೆ ಕೆಂಪು ದೀಪ, ಗೋಡೆಯಲ್ಲೊಂದು ಕಿಟಕಿ, ಕಿಟಕಿಯಿಂದ ಒಳಬರುವ ಬಿಳಿ ಲೋಟಗಳು. ಆಚೆ ಏನು ನಡೆಯುತ್ತದೆಂಬುದು ಅವಳಿಗೆ ಬೇಡ.

ಹೀಗಿರುವಾಗ ಕಾರ್ಖಾನೆಯವರು ವಿಡಿಯೋ ಗೇಮಿನ ಕಂಪನಿಯೊಂದರ ಜೊತೆ ಕೈಜೋಡಿಸಿದರು. ಆ ಆಟದಲ್ಲಿ ಪೆಟ್ಟು ತಿಂದು ಬಿದ್ದವರು ಒಂದು ನೀಲಿ ಔಷಧಿ ಕುಡಿದು ಮತ್ತೆ ಎದ್ದು ನಿಲ್ಲುತ್ತಾರೆ. ಆ ನೀಲಿ ಔಷಧಿಯನ್ನು ನಿಜವಾಗಿಯೂ ಡಬ್ಬಿಗೆ ತುಂಬಿ ಮಾರಬೇಕು, ಅದೂ ಮೂರೇ ತಿಂಗಳು. ಗೇಮಿನ ಕಡೆಯವರು ಬಂದು ಕೂತು, "ಕುಡಿದ ಕೂಡಲೇ ಸೋತವನಿಗೆ ಇನ್ನೊಂದು ಕೈ ನೋಡೋಣ ಅನ್ನಿಸಬೇಕು. ಅಂಥ ರುಚಿ ಬೇಕು" ಎಂದರು. ಕಾರ್ಖಾನೆಯ ಕೆಮಿಸ್ಟ್ ಇದನ್ನು ಪುಸ್ತಕದಲ್ಲಿ ಬರೆದುಕೊಂಡು ತಲೆ ಕೆರೆದುಕೊಂಡ.

"ಅಕ್ಕ, ಇದಕ್ಕೆ ಎಷ್ಟು ಗ್ರಾಂ ಹಾಕ್ಲಿ?"

"ಮೊದಲು ಹುಳಿ ಹೊಡೀಬೇಕು, ಆಮೇಲೆ ಸಿಹಿ ಬಂದು ಸಮಾಧಾನ ಮಾಡ್ಬೇಕು. ಕೊನೇಲಿ ಕಾಡುಹಣ್ಣಿನ ವಾಸನೆ ಬಂದೂ ಬರದ ಹಾಗೆ. ಜಾಸ್ತಿ ಆದ್ರೆ ಕೆಮ್ಮಿನ ಔಷಧಿ ಆಗ್ಬಿಡುತ್ತೆ, ನೋಡ್ಕೊ" ಎಂದಳು ಗುಟುಕಮ್ಮ. ನಲವತ್ತೊಂದನೆಯ ಸಲಕ್ಕೆ ಅದು ಕೂತಿತು.

ಆ ಆಟದ ಬಗ್ಗೆ ಅವಳಿಗೆ ಕೆಮಿಸ್ಟಿಗಿಂತ ಹೆಚ್ಚು ಗೊತ್ತಿತ್ತು. ಅದಕ್ಕೆ ಕಾರಣ ಅವಳ ಅತ್ತೆ. ಎರಡು ವರ್ಷದ ಹಿಂದೆ ಅತ್ತೆಗೆ ಮೊಣಕಾಲಿನ ಆಪರೇಷನ್ ಆಗಿ ಕೂತಲ್ಲೇ ಕೂರಬೇಕಾದಾಗ, ಹೊತ್ತು ಹೋಗಲಿ ಎಂದು ಗುಟುಕಮ್ಮನ ಗಂಡನೇ ಆ ಗೇಮನ್ನು ತಂದು ಟಿವಿಗೆ ಜೋಡಿಸಿಕೊಟ್ಟಿದ್ದ. ಮೊಣಕಾಲು ವಾಸಿಯಾಯಿತು, ಆಟ ವಾಸಿಯಾಗಲಿಲ್ಲ. ಎಪ್ಪತ್ತೆಂಟರ ಮುದುಕಿ ಕನ್ನಡಕ ಏರಿಸಿಕೊಂಡು, "ಸಾಯಿ, ಮುಂಡೇದೆ!" ಎಂದು ಟಿವಿಯ ರಾಕ್ಷಸರಿಗೆ ಬೈಯುವುದು ಮೂರನೆಯ ಮಹಡಿಯವರೆಗೂ ಕೇಳುತ್ತಿತ್ತು.

ಅತ್ತೆ ಸೊಸೆಗೆ ಜಗಳವೇನೂ ಇರಲಿಲ್ಲ. ಇದ್ದದ್ದು ಒಂದು ಮುಳ್ಳು, ಅದೂ ಈ ಎರಡು ವರ್ಷದಿಂದ. ಗುಟುಕಮ್ಮ ಏನೇ ಅಡುಗೆ ಮಾಡಿ ಬಡಿಸಲಿ, ಅತ್ತೆ ಎರಡು ತುತ್ತು ತಿಂದು, "ಇದಕ್ಕೆ ಏನೋ ಒಂದು ಕಮ್ಮಿ ಕಣೇ" ಎನ್ನುತ್ತಿದ್ದರು. ಏನು ಕಮ್ಮಿ ಎಂದು ಕೇಳಿದರೆ ಹೇಳುತ್ತಿರಲಿಲ್ಲ. ಊರಿಗೆಲ್ಲ ರುಚಿ ಹೇಳುವವಳಿಗೆ ಸ್ವಂತ ಮನೆಯಲ್ಲಿ ದಿನಾ ಈ ಮಾತು. ಹೊರಗೆ ನಕ್ಕು ಸುಮ್ಮನಾಗುತ್ತಿದ್ದಳು, ಒಳಗೆ ಚುಚ್ಚುತ್ತಿತ್ತು.

ನೀಲಿ ಪಾನೀಯದ ಪಾಕ ಕೂತ ವಾರದಲ್ಲೇ ಗುಟುಕಮ್ಮನಿಗೆ ನೆಗಡಿ ಹತ್ತಿತು. ಅಂತಿಂಥ ನೆಗಡಿಯಲ್ಲ, ವಾಸನೆಯನ್ನೇ ಹೊತ್ತೊಯ್ದ ನೆಗಡಿ. ಹನ್ನೆರಡು ದಿನ ರಜೆ. ಹತ್ತನೆಯ ದಿನ ಕಾಫಿ ಡಬ್ಬಿ ತೆರೆದಾಗ ಘಮ್ಮೆಂದಿತು. ಬಂತು ಎಂದು ಕುಣಿದಾಡುವಷ್ಟರಲ್ಲಿ ಅನುಮಾನವೂ ಬಂತು. ಡಬ್ಬಿ ಕಣ್ಣಿಗೆ ಕಂಡದ್ದಕ್ಕೆ ಘಮ್ಮೆಂದಿತೋ, ನಿಜವಾಗಿಯೂ ಘಮ್ಮೆಂದಿತೋ?

ನೆಗಡಿಯ ರಜೆ ಮುಗಿಸಿ ಬಂದವರು ಮೂರು ಲೋಟದ ಪರೀಕ್ಷೆಯಲ್ಲಿ ಗೆಲ್ಲಬೇಕೆಂಬುದು ಅಲ್ಲಿನ ನಿಯಮ. ಮೂರು ಲೋಟದಲ್ಲಿ ಎರಡರಲ್ಲಿ ಒಂದೇ ಪಾನೀಯ, ಒಂದರಲ್ಲಿ ಕೂದಲೆಳೆಯಷ್ಟು ಬೇರೆ. ಆ ಬೇರೆಯದನ್ನು ಹುಡುಕಬೇಕು. ಹೀಗೆ ಮೂರು ಸುತ್ತು. ಸೋತರೆ ಕೋಣೆಯ ಕುರ್ಚಿ ಬೇರೆಯವರಿಗೆ, ಸೋತವರು ಖಾಲಿ ಡಬ್ಬಿಯ ವಿಭಾಗಕ್ಕೆ. ಅಲ್ಲಿಗೆ ಹೋದವರು ಯಾರೂ ವಾಪಸು ಬಂದದ್ದಿಲ್ಲ.

ಸಾಮಾನ್ಯವಾಗಿ ಲೋಟ ಜೋಡಿಸುವವನು ಕೆಮಿಸ್ಟ್. ಅವನು ಅವತ್ತು ಗೇಮಿನ ಕಂಪನಿಗೆ ಹೋಗಿದ್ದ. ಹಾಗಾಗಿ ಹೊಸ ಮೇಲ್ವಿಚಾರಕ ಜೋಡಿಸಿದ. ಸೋಪಿನ ಕಾರ್ಖಾನೆಯಲ್ಲಿ ಹದಿನೈದು ವರ್ಷ ದುಡಿದು, ಇಲ್ಲಿಗೆ ಬಂದು ಇನ್ನೂ ಒಂದೇ ವಾರವಾಗಿದ್ದ ಮನುಷ್ಯ. ಒಳ್ಳೆಯವನೇ, ಆದರೆ ಅವನ ಬಾಯಿಗೆ ಎಲ್ಲವೂ ಬರೀ ಸೋಡಾ.

ಕಿಟಕಿ ತೆರೆಯಿತು. ಮೂರು ಲೋಟ ಬಂದವು. ಗುಟುಕಮ್ಮ ಮೊದಲನೆಯದು ಬಾಯಿಗಿಟ್ಟಳು, ಉಗಿದಳು. ಎರಡನೆಯದು. ಮೂರನೆಯದು. ಮತ್ತೆ ಮೊದಲಿನಿಂದ ನೋಡಿದಳು. ಮೂರರಲ್ಲೂ ಅದೇ ಹುಳಿ, ಅದೇ ಸಿಹಿ, ಕೊನೆಯಲ್ಲಿ ಅದೇ ಕಾಡುಹಣ್ಣು. ವಾಸನೆ ಬರುತ್ತಿದೆಯೋ, ತಾನೇ ಮಾಡಿದ ಪಾಕವಾದ್ದರಿಂದ ನೆನಪಿಗೆ ಬರುತ್ತಿದೆಯೋ, ಅದೂ ತಿಳಿಯದಾಯಿತು. ಎರಡನೆಯ ಸುತ್ತಿನಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ.

ಸುತ್ತಿಗೊಂದು ಚೀಟಿ, ಅದರಲ್ಲಿ ಲೋಟಕ್ಕೊಂದರಂತೆ ಮೂರು ಸೊನ್ನೆ ಅಚ್ಚಾಗಿರುತ್ತವೆ. ಗೊತ್ತಾಗದಿದ್ದರೂ ಒಂದಕ್ಕೆ ಗುರುತು ಹಾಕಬೇಕು. ಕಣ್ಣುಮುಚ್ಚಿ ಹಾಕಿದರೂ ಒಂದಾದರೂ ಹತ್ತಬಹುದಿತ್ತು. ಇಪ್ಪತ್ತಾರು ವರ್ಷದಲ್ಲಿ ಅವಳು ಅಂದಾಜಿಗೆ ಗುರುತು ಹಾಕಿದವಳಲ್ಲ. ಮೂರು ಚೀಟಿಯ ಮೇಲೂ "ಮೂರೂ ಒಂದೇ" ಎಂದು ಬರೆದು ಕಿಟಕಿಯಿಂದಾಚೆ ತಳ್ಳಿದಳು.

ಮೇಲ್ವಿಚಾರಕ ಒಳಗೆ ಬಂದ. ಅವನ ಮುಖ ಸಪ್ಪಗಾಗಿತ್ತು. "ಬೇಜಾರು ಮಾಡ್ಕೋಬೇಡಿ ಅಮ್ಮ. ಪ್ರತಿ ಸುತ್ತಲ್ಲೂ ಯೋಧನ ಡಬ್ಬಿದು ಎರಡು ಲೋಟ, ಮಾಟಗಾತಿ ಡಬ್ಬಿದು ಒಂದು ಇಟ್ಟಿದ್ದೆ."

ಯಾವ ಯೋಧ, ಯಾವ ಮಾಟಗಾತಿ ಎಂದು ಅವಳು ಕೇಳಲಿಲ್ಲ. ತಾನು ರಜೆಯಲ್ಲಿದ್ದಾಗ ಪಾಕವನ್ನು ಎರಡು ಥರ ಮಾಡಿರಬೇಕು ಎಂದುಕೊಂಡಳು. ಅವನು ಸಮಾಧಾನಕ್ಕೆಂಬಂತೆ, ಸಿಬ್ಬಂದಿಗೆಲ್ಲ ಹಂಚುತ್ತಿದ್ದ ಹೊಸ ಡಬ್ಬಿಗಳ ಚೀಲವೊಂದನ್ನು ಅವಳ ಕೈಗೂ ಕೊಟ್ಟ. "ನಾಳೆ ಬೆಳಗ್ಗೆ ಖಾಲಿ ಡಬ್ಬಿ ವಿಭಾಗಕ್ಕೆ ಬನ್ನಿ" ಎಂದ.

ಮನೆಗೆ ಬಂದವಳೇ ಚೀಲವನ್ನು ಅತ್ತೆಯ ಮುಂದೆ ಕುಕ್ಕಿ ಅಡುಗೆಮನೆ ಸೇರಿದಳು. ಲಿಫ್ಟ್ ರಿಪೇರಿಯ ಕೆಲಸದ ಗಂಡ ಆಗಷ್ಟೇ ಬಂದಿದ್ದ. ವಿಷಯ ಕೇಳಿ ಮೂರು ಲೋಟ ನೀರು ತಂದ, ಒಂದಕ್ಕೆ ಚಿಟಿಕೆ ಉಪ್ಪು ಹಾಕಿ, ಹೆಂಡತಿಯ ಕಣ್ಣಿಗೆ ಬಟ್ಟೆ ಕಟ್ಟಿದ. ಅವಳು ನಾಲ್ಕು ಸಲವೂ ಸರಿಯಾಗಿ ಹೇಳಿದಳು.

"ನೋಡು, ನಿನ್ನ ನಾಲಿಗೆಗೆ ಏನೂ ಆಗಿಲ್ಲ!"

"ಉಪ್ಪನ್ನ ಯಾರು ಬೇಕಾದ್ರೂ ಹೇಳ್ತಾರೆ ಕಣ್ರೀ. ನನ್ನ ಕೆಲಸ ಇರೋದು ಮೂಗಲ್ಲಿ" ಎಂದು ಬಟ್ಟೆ ಕಿತ್ತೆಸೆದು ಅತ್ತುಬಿಟ್ಟಳು. ನೆಲದ ಮೇಲೇ ಕೂತು ಅತ್ತಳು. ಮೂಗು ಹೋದರೆ ತಾನು ಯಾರು ಎಂಬುದೇ ಅವಳಿಗೆ ಗೊತ್ತಾಗಲಿಲ್ಲ.

ಆ ಹೊತ್ತಿಗೆ ಹಾಲಿನಿಂದ ಅತ್ತೆಯ ದನಿ ಬಂತು. "ಏನೇ ಇದು ಮೋಸ! ಆರು ಡಬ್ಬಿ ತಂದಿದ್ದೀಯ, ಆರೂ ಒಂದೇ ಥರ ಇದೆಯಲ್ಲೇ!"

ಅಳು ನಿಂತಿತು. ಗುಟುಕಮ್ಮ ಕಣ್ಣೊರೆಸಿಕೊಂಡು ಹಾಲಿಗೆ ಬಂದಳು. ಅತ್ತೆ ಕಿಟಕಿಯ ಕಟ್ಟೆಯ ಮೇಲೆ ಆರು ಡಬ್ಬಿ ಸಾಲಾಗಿ ಇಟ್ಟುಕೊಂಡು, ಎಲ್ಲದರ ಮುಚ್ಚಳ ಕಿತ್ತು, ಒಂದೊಂದರಿಂದ ಒಂದೊಂದು ಗುಟುಕು ಕುಡಿದಿದ್ದರು. ಯೋಧ, ಮಾಟಗಾತಿ, ಬಿಲ್ಲುಗಾರ, ಕಳ್ಳ, ವೈದ್ಯೆ, ಡ್ರ್ಯಾಗನ್. ಅವಳು ಡಬ್ಬಿಯೊಂದನ್ನು ಕಣ್ಣಿಟ್ಟು ನೋಡಿದ್ದು ಎಷ್ಟೋ ವರ್ಷಗಳ ಮೇಲೆ.

"ಅತ್ತೆ, ಸರಿಯಾಗಿ ನೋಡಿ ಹೇಳ್ತಿದ್ದೀರಾ?"

"ಎರಡೆರಡು ಸಲ ಕುಡ್ದಿದೀನಿ. ಯೋಧನೂ ಅದೇ, ಮಾಟಗಾತೀನೂ ಅದೇ. ಒಂದಿಷ್ಟೂ ವ್ಯತ್ಯಾಸ ಇಲ್ಲ."

ಗುಟುಕಮ್ಮ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ತಳ ನೋಡಿದಳು. ತಳದಲ್ಲಿ ತುಂಬಿದ ತಾರೀಖು, ಟ್ಯಾಂಕಿನ ನಂಬರು ಒತ್ತಿರುತ್ತಾರೆ. ಆರರಲ್ಲೂ ಒಂದೇ ತಾರೀಖು, ಒಂದೇ ಟ್ಯಾಂಕು. ಒಂದು ಟ್ಯಾಂಕಿನಿಂದ ಒಂದೇ ದಿನ ಎರಡು ರುಚಿ ಬರುವುದು ಹೇಗೆ? ಕೆಮಿಸ್ಟಿಗೆ ಫೋನು ಹಚ್ಚಿದಳು.

"ಅಯ್ಯೋ ಅಕ್ಕ, ಬೇರೆ ಬೇರೆ ಅಂತ ಯಾರು ಹೇಳಿದ್ರು? ಆರು ಚಿತ್ರ, ಒಳಗೆ ಇರೋದು ಒಂದೇ. ಆಟದವರು ಆರನ್ನೂ ಕೂಡಿಟ್ಕೊಳ್ಳಲಿ ಅಂತ ಹಾಗೆ ಮಾಡಿದ್ದು."

ಅಲ್ಲಿಗೆ ವಿಷಯ ಬಯಲಾಯಿತು. ಸೋಪಿನ ಕಾರ್ಖಾನೆಯಲ್ಲಿ ಆರು ಹೊದಿಕೆ ಎಂದರೆ ಆರು ಪರಿಮಳ. ಆ ಪುಣ್ಯಾತ್ಮ ಅದೇ ಲೆಕ್ಕದಲ್ಲಿ ಒಂದೇ ಪಾನೀಯವನ್ನು ಮೂರು ಲೋಟಕ್ಕೂ ಸುರಿದು, ಬೇರೆಯದನ್ನು ಹುಡುಕು ಎಂದಿದ್ದ. ಇನ್ನೊಂದು ಹತ್ತು ವರ್ಷ ಹುಡುಕಿದ್ದರೂ ಸಿಗುತ್ತಿರಲಿಲ್ಲ.

ಗಂಡ ಕುಣಿದಾಡಿದ. ಗುಟುಕಮ್ಮ ಮಾತ್ರ ಪೂರ್ತಿ ನಗಲಿಲ್ಲ. ಮೂರೂ ಒಂದೇ ಎಂದದ್ದು ಸರಿಯೇ, ಆದರೆ ಮೂಗು ಸತ್ತವಳೂ ಅದನ್ನೇ ಹೇಳುತ್ತಿದ್ದಳಲ್ಲ.

ಮಾರನೆಯ ಬೆಳಗ್ಗೆ ಅವಳು ಖಾಲಿ ಡಬ್ಬಿಯ ವಿಭಾಗಕ್ಕೆ ಹೋಗಲಿಲ್ಲ. ಯೋಧ ಮತ್ತು ಮಾಟಗಾತಿಯ ಡಬ್ಬಿಗಳನ್ನು ಮೇಲ್ವಿಚಾರಕನ ಮೇಜಿನ ಮೇಲೆ ತಳ ಮೇಲೆ ಮಾಡಿ ಇಟ್ಟಳು. ಅವನು ನಂಬರು ಓದಿದ, ಮತ್ತೊಂದು ಸಲ ಓದಿದ, ಕಿವಿಯವರೆಗೂ ಕೆಂಪಾದ. "ಸೋಪಲ್ಲಿ ಹೀಗಿರ್ಲಿಲ್ಲ ಅಮ್ಮ..." ಎಂದು ಗೊಣಗಿದ. ಕೆಮಿಸ್ಟ್ ತಾನೇ ನಿಂತು ಹೊಸದಾಗಿ ಲೋಟ ಜೋಡಿಸಿದ. ಪ್ರತಿ ಸುತ್ತಿನಲ್ಲೂ ಒಂದು ಲೋಟಕ್ಕೆ ಕಾಡುಹಣ್ಣಿನ ಎಸೆನ್ಸನ್ನು ಒಂದೇ ಒಂದು ಹನಿ ಹೆಚ್ಚು ಹಾಕಿದ.

ಕೆಂಪು ದೀಪದ ಕೆಳಗೆ ಗುಟುಕಮ್ಮ ಲೋಟಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೊದಲನೆಯ ಲೋಟ, ಎಂದಿನ ಹಾಗೆ. ಎರಡನೆಯದನ್ನು ಬಾಯಲ್ಲಿ ತಿರುಗಿಸಿ ಉಸಿರು ಬಿಟ್ಟಳು. ಮೂಗಿನ ತುದಿಯಲ್ಲಿ ಕಾಡುಹಣ್ಣು ಒಂದು ಹೆಜ್ಜೆ ಮುಂದೆ ಬಂದು ನಿಂತಿತು. ಇನ್ನು ಸ್ವಲ್ಪ ಹೆಚ್ಚಿದ್ದಿದ್ದರೆ ಕೆಮ್ಮಿನ ಔಷಧಿ! ಮೂರನೆಯದನ್ನು ನೋಡುವ ಮೊದಲೇ ಹೋದ ಜೀವ ಬಂದಂತಾಯಿತು. ಮೊದಲ ಸುತ್ತಿನಲ್ಲಿ ಎರಡನೇ ಲೋಟ, ಮುಂದಿನದರಲ್ಲಿ ಒಂದನೆಯದು, ಕೊನೆಯದರಲ್ಲಿ ಮತ್ತೆ ಎರಡನೆಯದು. ಮೂರಕ್ಕೆ ಮೂರೂ ಸರಿ. ಕೆಮಿಸ್ಟ್ ಕಿಟಕಿಯಿಂದ ಕೈ ತೂರಿಸಿ ಅವಳ ಕೈ ಹಿಡಿದುಕೊಂಡ. ಆಮೇಲೆ ಅವಳು ಅಂಗಡಿಗಳಿಗೆ ಹೊರಡಲಿದ್ದ ನೀಲಿ ಪಾನೀಯದ ಮೊದಲ ಕಂತಿನ ರುಚಿ ನೋಡಿ ಸಹಿ ಹಾಕಿದಳು. ನಿನ್ನೆಯ ಮೂರು ಚೀಟಿಗಳನ್ನು ಹರಿಯಲು ಹೊರಟ ಮೇಲ್ವಿಚಾರಕನಿಂದ ಕಸಿದುಕೊಂಡು ಪರ್ಸಿಗೆ ಸೇರಿಸಿದಳು.

ಸಂಜೆ ಮನೆಯ ಬಾಗಿಲಲ್ಲೇ ಚಪ್ಪಲಿ ಬಿಡುತ್ತ ಕೂಗಿದಳು. "ಅತ್ತೆ! ನಿಮ್ಮ ನಾಲಿಗೆ ನನ್ನ ಕೆಲಸ ಉಳಿಸ್ತು. ನನ್ನ ಕುರ್ಚೀಲಿ ನಿಮ್ಮನ್ನೇ ಕೂರಿಸ್ಬೇಕು!"

ಅತ್ತೆ ಆಟ ನಿಲ್ಲಿಸಿದರು. ಟಿವಿಯಲ್ಲಿ ಯೋಧ ಕತ್ತಿ ಎತ್ತಿದವನು ಹಾಗೇ ನಿಂತ.

"ನನ್ನ ನಾಲಿಗೆ ವಿಷಯ ಬಿಡು" ಎಂದರು.

"ಯಾಕತ್ತೆ?"

"ಅದು ಸತ್ತು ಎರಡು ವರ್ಷ ಆಯ್ತು ಕಣೇ. ಮೊಣಕಾಲಿನ ಆಪರೇಷನ್ ಆದ್ಮೇಲೆ ಜ್ವರ ಬಂದಿತ್ತಲ್ಲ, ಆಗ ಹೋಗಿದ್ದು ವಾಪಸು ಬರ್ಲೇ ಇಲ್ಲ. ಚಹಾನೂ ಅಷ್ಟೇ, ಬಿಸಿನೀರೂ ಅಷ್ಟೇ. ಆರು ಡಬ್ಬಿ ಒಂದೇ ಥರ ಇದ್ದದ್ದರಲ್ಲಿ ಏನು ಆಶ್ಚರ್ಯ, ನಂಗೆ ಎಲ್ಲಾನೂ ಒಂದೇ ಥರ. ನಿನ್ನ ಅಳು ನಿಲ್ಲಲಿ ಅಂತ ಬಾಯಿಗೆ ಬಂದದ್ದು ಅಂದೆ."

ಗುಟುಕಮ್ಮನಿಗೆ ನಗು ಬಂತು, ನಗು ಅರ್ಧದಲ್ಲೇ ನಿಂತಿತು. "ಮತ್ತೆ ಒಂದು ಮಾತೂ ಹೇಳ್ಲಿಲ್ವಲ್ಲ?"

"ನಾಲಿಗೆ, ಮೂಗು ನಂಬ್ಕೊಂಡು ದುಡಿಯೋ ಸೊಸೆ ಮುಂದೆ ಅದನ್ನ ಹೇಗೆ ಹೇಳ್ಲಿ? ನೀನು ಹೆದರ್ಕೊಂಡ್ಬಿಡ್ತಿದ್ದೆ. ನಿನ್ನೆ ಹೆದರ್ಕೊಂಡಿದ್ದು ನೋಡ್ಲಿಲ್ವಾ?" ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಹೋದ್ರೂ ಬದುಕ್ಬಹುದು ಕಣೇ. ನಾನು ಬದುಕಿಲ್ವಾ?"

ಎರಡು ವರ್ಷದಿಂದ ಚುಚ್ಚುತ್ತಿದ್ದ ಮುಳ್ಳು ಹೀಗೆ ತಾನಾಗಿ ಹೊರಗೆ ಬಂತು. ಏನೋ ಒಂದು ಕಮ್ಮಿ ಎಂದದ್ದು ಅಡುಗೆಯನ್ನಲ್ಲ. ಹಗುರಾದದ್ದಕ್ಕೆ ಸಂತೋಷವಾಯಿತು, ಇಷ್ಟು ದಿನ ತಿಳಿಯದೇ ಹೋದದ್ದಕ್ಕೆ ನಾಚಿಕೆಯಾಯಿತು. ಊರಿನ ರುಚಿಯನ್ನೆಲ್ಲ ಹಿಡಿಯುವ ಮೂಗಿಗೆ ಪಕ್ಕದ ಕುರ್ಚಿಯಲ್ಲಿ ಕೂತವರ ಸಂಗತಿ ಹತ್ತಿರಲಿಲ್ಲ.

ಊಟಕ್ಕೆ ಕೂತಾಗ ಅವಳು ಅತ್ತೆಯ ಪಕ್ಕಕ್ಕೆ ತಟ್ಟೆ ಎಳೆದುಕೊಂಡಳು. ಒಂದು ತುತ್ತು ಬಾಯಿಗಿಟ್ಟು, ಮೂರು ಸುತ್ತು ತಿರುಗಿಸಿ, ಮೂಗಿನಿಂದ ಉಸಿರು ಬಿಟ್ಟಳು. ಇದನ್ನು ಮಾತ್ರ ನುಂಗಿದಳು.

"ಮೊದಲು ಟೊಮೆಟೊ ಹುಳಿ ಬರುತ್ತೆ ಅತ್ತೆ, ಸ್ವಲ್ಪ ಹರಿತ. ಅದರ ಹಿಂದೆ ಬೆಳ್ಳುಳ್ಳಿ, ಕಂದು ಬಣ್ಣ ಬರೋ ತನಕ ಹುರಿದಿದ್ದು, ಅಂಚು ಒಂಚೂರು ಕಹಿ. ಕೊನೇಲಿ ಬೆಣ್ಣೆ ಬಂದು ಎಲ್ಲಾನೂ ಸಮಾಧಾನ ಮಾಡುತ್ತೆ."

ಅತ್ತೆ ಕಣ್ಣು ಮುಚ್ಚಿಕೊಂಡು ಅಗಿದರು.

"ಹೂಂ, ಇನ್ನೊಂದು ತುತ್ತು ತಿನ್ನು" ಎಂದರು. "ತಿಂದು ಹೇಳು."