ಅತ್ತೆ, ಕೂಸು ಮತ್ತು ಜರ್ಮನಿಯ ನಾಲ್ಕು ತಿಂಗಳು

ಜರ್ಮನಿಯ ಒಂದು ವಿಶ್ವವಿದ್ಯಾಲಯದ ಭಾಷಾ ಸಂಶೋಧನಾ ಸಂಸ್ಥೆಯಿಂದ ನನಗೆ ಆಹ್ವಾನ ಬಂದಾಗ ಮಗಳಿಗೆ ಎಂಟು ತಿಂಗಳು. ನಾನು ಚಳ್ಳಕೆರೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆ ಇರುವುದು ಆಂಧ್ರದ ಗಡಿಗೆ ಹತ್ತಿರದ, ಗಂಡನ ಊರಾದ ಮೊಳಕಾಲ್ಮೂರಿನಲ್ಲಿ; ಅವರದು ರೇಷ್ಮೆ ಸೀರೆ ನೇಯುವ ಮನೆತನ. ಮದುವೆಯಾಗಿ ಬಂದ ಹೊಸತರಲ್ಲಿ ಆ ಮನೆಯ ಮಾತೇ ನನಗೊಂದು ಬೆರಗು. ಮಗ್ಗದ ಮುಂದೆ ತೆಲುಗು, ಹೊರಗಿನವರ ಜೊತೆ ಕನ್ನಡ, ಜಗಳ ಬಂದರೆ ಎರಡೂ. ಅದನ್ನೇ ಪಿಎಚ್‌ಡಿ ಅಧ್ಯಯನದ ವಿಷಯ ಮಾಡಿಕೊಂಡು, ನೇಕಾರರ ಮನೆಗಳಲ್ಲಿ ಕೂತು ಅವರ ಮಾತುಕತೆ ರೆಕಾರ್ಡ್ ಮಾಡಿದೆ. ಆದರೆ ಅಷ್ಟೊಂದು ಮಾತನ್ನು ಹೇಗೆ ವಿಂಗಡಿಸಬೇಕು ಎಂದು ಹೇಳಿಕೊಡುವವರು ಹತ್ತಿರದಲ್ಲಿ ಯಾರೂ ಇರಲಿಲ್ಲ.

ಆ ಸಂಸ್ಥೆ ಬೇರೆ ಬೇರೆ ದೇಶಗಳಲ್ಲಿ ಗಡಿ ಊರುಗಳ ಮಾತನ್ನು ಅಧ್ಯಯನ ಮಾಡುವವರನ್ನು ಕರೆಸಿ, ನಾಲ್ಕು ತಿಂಗಳು ಒಟ್ಟಿಗೆ ಕೆಲಸ ಮಾಡಲು ಬಿಡುತ್ತಿತ್ತು. ಬಸುರಿಯಾಗಿದ್ದಾಗ ಅರ್ಜಿ ಹಾಕಿದ್ದೆ. ಸಿಗುತ್ತದೆಂದು ನಂಬಿರಲಿಲ್ಲ. ಸಿಕ್ಕಾಗ, ಹಾಲು ಕುಡಿಯುವ ಕೂಸಿದೆ, ಬರಲಾಗುವುದಿಲ್ಲ ಎಂದು ಬರೆದೆ. ಅತಿಥಿಗಳ ವ್ಯವಸ್ಥೆ ನೋಡಿಕೊಳ್ಳುವ ಹೆಂಗಸು ಮರುದಿನವೇ ಉತ್ತರಿಸಿದರು: ಕೂಸನ್ನು ಕರೆತನ್ನಿ, ಅದನ್ನು ನೋಡಿಕೊಳ್ಳಲು ಮನೆಯವರೊಬ್ಬರನ್ನೂ ಕರೆತನ್ನಿ, ಇಬ್ಬರ ಖರ್ಚೂ ನಮ್ಮದು.

ಯಾರನ್ನು ಕರೆದೊಯ್ಯುವುದು? ಗಂಡ ಹೈಸ್ಕೂಲು ಮೇಷ್ಟ್ರು, ಅಷ್ಟು ದಿನ ರಜೆ ಸಿಗುವಂತಿರಲಿಲ್ಲ. ಚಳ್ಳಕೆರೆಯಲ್ಲಿದ್ದ ನಮ್ಮವ್ವನಿಗೆ ಮಂಡಿನೋವು. ನಾನೂ ಗಂಡನೂ ಹೀಗೆ ಮಾತಾಡುತ್ತಿದ್ದಾಗ, ಪಕ್ಕದಲ್ಲಿ ಲಾಳಿಗೆ ರೇಷ್ಮೆ ನೂಲು ಸುತ್ತುತ್ತಿದ್ದ ಅತ್ತೆ ಕೈ ನಿಲ್ಲಿಸಿದರು.

"ಅದೆಷ್ಟು ದೂರ ಐತೆ?"

"ವಿಮಾನದಾಗೆ ಒಂದು ರಾತ್ರಿ, ಅತ್ತೆ."

"ತಿರುಪತಿ ಬಸ್ಸಿನಾಗೂ ಅಷ್ಟೇ ಆಗ್ತೈತೆ. ನಾನ್ ಬರ್ತೀನಿ ಬಿಡು."

ಗಂಡ ನಕ್ಕರು. "ಅವ್ವಾ, ಅಲ್ಲಿ ನಿನ್ ಜೊತೆ ಮಾತಾಡಾಕೆ ಯಾರೂ ಇರಲ್ಲ."

"ಕೂಸು ಐತಲ್ಲ," ಎಂದು ಅತ್ತೆ ಮತ್ತೆ ನೂಲಿಗೆ ಕೈ ಹಾಕಿದರು.

ನಾವು ಅಲ್ಲಿ ಇಳಿದಾಗ ಚಳಿಗಾಲ ಶುರುವಾಗುತ್ತಿತ್ತು. ಸಂಸ್ಥೆಯ ಅತಿಥಿಗೃಹದ ಮೇಲಿನ ಮಹಡಿಯಲ್ಲಿ ನಮ್ಮ ಮನೆ. ಒಳಗೆ ತೊಟ್ಟಿಲು ಸಿದ್ಧವಾಗಿತ್ತು, ಅಡುಗೆಮನೆಯಲ್ಲಿ ಅಕ್ಕಿ, ತೊಗರಿಬೇಳೆ, ಅರಿಶಿನ. ಅತ್ತೆ ಬೇಳೆಯನ್ನು ಅಂಗೈಗೆ ಸುರಿದುಕೊಂಡು ನೋಡಿ, "ಯಾರ್ ಪುಣ್ಯಾತ್ಗಿತ್ತಿನೋ, ಬೇಳೆನೂ ತಂದಿಟ್ಟವ್ಳೆ," ಎಂದರು.

ಮೊದಲ ಸೆಮಿನಾರಿನ ನಡುವೆ ಹಾಲುಣಿಸಲು ಎದ್ದು ಓಡಿದೆ. ವಾಪಸು ಬಂದಾಗ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಮಗೆ ಮಾರ್ಗದರ್ಶಕರಾಗಿದ್ದ ವಯಸ್ಸಾದ ಪ್ರೊಫೆಸರು, "ಮಗುವಿಗೆ ಯಾವ ಯಾವ ಹೊತ್ತಿಗೆ ಹಸಿವಾಗುತ್ತದೆ, ಹೇಳಿ. ಅದನ್ನು ನೋಡಿಕೊಂಡೇ ಕೂರೋಣ," ಎಂದರು. ಅಂದಿನಿಂದ ಹಲವು ದೇಶಗಳ ವಿದ್ವಾಂಸರು ನನ್ನ ಮಗಳ ಹೊಟ್ಟೆಯ ಗಡಿಯಾರ ನೋಡಿ ಸಭೆ ಸೇರತೊಡಗಿದರು. ಯಾರೂ ಒಮ್ಮೆಯೂ ಮುಖ ಗಂಟಿಕ್ಕಲಿಲ್ಲ.

ಅತ್ತೆಗೆ ಮಾತ್ರ ಆರಂಭದ ದಿನಗಳು ಕಷ್ಟವಾದವು. ಕೂಸು ಮಲಗಿದಾಗ ಕಿಟಕಿಯ ಬಳಿ ಸುಮ್ಮನೆ ಕೂತಿರುತ್ತಿದ್ದರು. "ಮಾತಿಲ್ದೆ ನಾಲಿಗೆ ಒಣಗ್ತೈತಮ್ಮ," ಎಂದು ಒಮ್ಮೆ ಅಂದಾಗ, ಇವರನ್ನು ಕರೆತಂದು ತಪ್ಪು ಮಾಡಿದೆನೇನೋ ಎನ್ನಿಸಿತು.

ಕೆಳಗಿನ ಮನೆಯಲ್ಲಿ ನನ್ನ ಹಾಗೇ ಸಂಶೋಧನೆಗೆ ಬಂದಿದ್ದ ಜಾರ್ಜಿಯಾ ದೇಶದ ಹೆಂಗಸಿದ್ದಳು. ಅವಳ ಮಗನನ್ನು ನೋಡಿಕೊಳ್ಳಲು ಅವಳ ತಾಯಿ ಬಂದಿದ್ದರು. ಒಂದು ಮಧ್ಯಾಹ್ನ ನಾನು ಮನೆಗೆ ಬರುವಾಗ, ಅಂಗಳದ ಬೆಂಚಿನ ಮೇಲೆ ಆ ಅಜ್ಜಿಯೂ ನಮ್ಮ ಅತ್ತೆಯೂ ಪಕ್ಕಪಕ್ಕ ಕೂತಿದ್ದರು. ಅತ್ತೆ ಕೈ ಆಡಿಸುತ್ತ ತೆಲುಗಿನಲ್ಲಿ ಏನೋ ಹೇಳುತ್ತಿದ್ದರು, ಆ ಅಜ್ಜಿ ತಲೆದೂಗುತ್ತಿದ್ದರು.

"ಅವರ ಜೊತೆ ತೆಲುಗು ಯಾಕೆ ಅತ್ತೆ?" ಎಂದು ಆಮೇಲೆ ಕೇಳಿದೆ.

"ಕನ್ನಡ ತಿಳೀಲಿಲ್ಲ ಅವರಿಗೆ, ಅದ್ಕೇ," ಎಂದರು ಅತ್ತೆ.

ಅಲ್ಲಿಂದ ಮುಂದೆ ಇಬ್ಬರೂ ದಿನಾ ಕೂಸುಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ನಡೆಯಲು ಹೊರಟರು. ಕೆಲವು ವಾರಗಳ ಮೇಲೆ ಆ ಅಜ್ಜಿಯ ಮಗಳು ಸಂಸ್ಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ನಮ್ಮ ಭಾಷೆಯಲ್ಲಿ 'ರಾ' ಅಂದರೆ 'ಏನು' ಎಂದರ್ಥ. ಅಮ್ಮ ಈಗೀಗ ನನ್ನ ಮಗನನ್ನು 'ರಾ, ರಾ' ಎಂದು ಕರೆಯುತ್ತಾಳೆ. ಅವನು ಅಂಬೆಗಾಲಿಕ್ಕುತ್ತ ಬಂದೇಬಿಡುತ್ತಾನೆ. ಏನಿದು?" ಎಂದಳು. 'ಬಾ' ಎನ್ನಲು ನಮ್ಮತ್ತೆ ಬಳಸುವ ತೆಲುಗು ಮಾತು ಅದು ಎಂದೆ. ಇಬ್ಬರೂ ಭಾಷೆ ಓದಿದವರೇ, ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕೊನೆಯ ವಾರ ಎಲ್ಲರೂ ತಮ್ಮ ಕೆಲಸವನ್ನು ಮಂಡಿಸಬೇಕಿತ್ತು. ಮನೆಯವರನ್ನೂ ಸಭಾಂಗಣಕ್ಕೆ ಕರೆದಿದ್ದರು. ನಾನು ಮೊಳಕಾಲ್ಮೂರಿನ ಒಂದು ರೆಕಾರ್ಡಿಂಗ್ ಕೇಳಿಸಿದೆ. ನೇಕಾರ ಹೆಂಗಸೊಬ್ಬಳು ಗಂಡನನ್ನು ತೆಲುಗಿನಲ್ಲಿ ಝಾಡಿಸುತ್ತಿದ್ದಾಳೆ. ಅಷ್ಟರಲ್ಲಿ ಸೀರೆ ಕೊಳ್ಳುವವರು ಬಾಗಿಲಿಗೆ ಬರುತ್ತಾರೆ. ಅದೇ ಉಸಿರಿನಲ್ಲಿ ಅವಳು, "ಬರ್ರಿ ಅಣ್ಣಾರೆ, ಕೂತ್ಕಳ್ರಿ," ಎನ್ನುತ್ತಾಳೆ. ನಿಶ್ಶಬ್ದವಾಗಿದ್ದ ಸಭೆಯಲ್ಲಿ ಅತ್ತೆಯೊಬ್ಬರೇ ಜೋರಾಗಿ ನಕ್ಕುಬಿಟ್ಟರು. ಎಲ್ಲರೂ ತಿರುಗಿ ನೋಡಿದರು. ನಗು ಯಾಕೆ ಬಂತೆಂದು ಪ್ರೊಫೆಸರು ನನ್ನನ್ನು ಕೇಳಿದರು. ಬರೆದುಕೊಂಡು ಹೋಗಿದ್ದನ್ನು ಪಕ್ಕಕ್ಕಿಟ್ಟು ಹೊಸ್ತಿಲ ಒಳಗಿನ ಮಾತು, ಹೊರಗಿನ ಮಾತು ಎಂದು ವಿವರಿಸಿದೆ. ಹೇಳುತ್ತ ಹೇಳುತ್ತ ನನ್ನ ಭಯವೆಲ್ಲ ಇಳಿದುಹೋಯಿತು.

ಆ ನಾಲ್ಕು ತಿಂಗಳ ಕೆಲಸದಿಂದ ನನ್ನ ಪಿಎಚ್‌ಡಿ ಮುಗಿಯಿತು. ಈಗ ಆ ಸಂಸ್ಥೆಯೂ ನಮ್ಮ ಕಾಲೇಜೂ ಸೇರಿ ಗಡಿ ಹಳ್ಳಿಗಳ ಮಾತನ್ನು ದಾಖಲಿಸುತ್ತಿವೆ. ಜಾರ್ಜಿಯಾದ ಗೆಳತಿ ಒಮ್ಮೆ ಬಂದು ನಮ್ಮ ಮನೆಯಲ್ಲೇ ಉಳಿದು ಹೋದಳು. ಈ ವರ್ಷ ನಮ್ಮ ತಾಲ್ಲೂಕಿನದೇ ಸಿದ್ದಾಪುರದ ಕಡೆಯ ಕುರಿ ಕಾಯುವ ಮನೆಯ ನನ್ನ ವಿದ್ಯಾರ್ಥಿನಿಗೆ ಜರ್ಮನಿಯ ಅದೇ ಸಂಸ್ಥೆಯ ಬೇಸಿಗೆ ತರಗತಿಗೆ ಅವಕಾಶ ಸಿಕ್ಕಿದೆ. ಹೋಗುವ ಮುಂಚೆ ಹೇಳಿಹೋಗಲು ತನ್ನ ಅವ್ವನ ಜೊತೆ ಬಂದಿದ್ದಳು. ಮಗಳನ್ನು ಅಷ್ಟು ದೂರ ಕಳಿಸಲು ಆ ತಾಯಿಗೆ ಅಳುಕು. ಅತ್ತೆ ಅವರನ್ನು ಒಳಗೆ ಕರೆದು ಚಾಪೆ ಹಾಸಿದರು.

"ಹೆದರಬ್ಯಾಡಮ್ಮ, ನಾನ್ ಇದ್ದು ಬಂದೀನಿ," ಎಂದರು. "ಒಳ್ಳೇ ಜನ ಅದಾರೆ ಅಲ್ಲಿ."