ಸಜ್ಜೆ ಬಿಸ್ಕತ್ತಿನ ಷರಾ

ಬಿಸ್ಕತ್ತು ಕೈಗೆ ಬಂದರೆ ನಾನು ಮೊದಲು ಅದನ್ನು ಮಗುಚಿ ತಳ ನೋಡುತ್ತೇನೆ. ಮೇಲ್ಭಾಗವನ್ನು ನಂಬಿ ತಿನ್ನುವವರ ಬಗ್ಗೆ ನನಗೆ ಗೌರವವಿದೆ, ಆದರೆ ಅವರಂತೆ ಬದುಕುವ ಧೈರ್ಯವಿಲ್ಲ. ಮೇಲೆ ಎಲ್ಲವೂ ಹೊಂಬಣ್ಣವೇ. ಗುಟ್ಟು ಇರುವುದು ತಳದಲ್ಲಿ. ಕಳೆದ ವರ್ಷ ಒಂದು ಮಂಗಳವಾರ ಬೆಳಿಗ್ಗೆ, ಶಹಾಪುರದ ನಮ್ಮ ಅಡುಗೆಮನೆಯಲ್ಲಿ, ನನ್ನ ಗಂಡ ಸಾಬಣ್ಣನವರು ಆಗತಾನೇ ಓವನ್ನಿನಿಂದ ತೆಗೆದ ಸಜ್ಜೆ ಹಿಟ್ಟಿನ ಬಿಸ್ಕತ್ತೊಂದನ್ನು ತಟ್ಟೆಯಲ್ಲಿಟ್ಟು ನನ್ನ ಮುಂದೆ ಹಿಡಿದಾಗಲೂ ಹಾಗೆಯೇ ಮಾಡಿದೆ. ಮಗುಚಿದೆ, ತಳ ನೋಡಿದೆ, ಮೂಸಿದೆ, ಅಂಚು ಮುರಿದು ಬಾಯಿಗೆ ಹಾಕಿಕೊಂಡೆ. ಅವರು ಒಂದು ಕೈಯಲ್ಲಿ ನೋಟುಬುಕ್ಕು, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಕಾಯುತ್ತ ನಿಂತಿದ್ದರು.

"ಏನೋ ಕಮ್ಮಿ ಅದ ನೋಡ್ರಿ," ಅಂದೆ.

"ಏನ್ ಕಮ್ಮಿ ಅದ?"

"ಅದು ಗೊತ್ತಾಗವಲ್ದು. ಏನೋ ಕಮ್ಮಿ ಅದ."

ಅದು ನಮ್ಮ ಮನೆಯ ಕೊನೆಯ ಮಾಮೂಲಿ ದಿನವೆಂದು ಗೊತ್ತಿದ್ದರೆ ಬೇರೆ ಏನಾದರೂ ಹೇಳುತ್ತಿದ್ದೆನೇ? ನನ್ನ ಮೇಲೆ ನನಗೇ ಇರುವ ಅನುಮಾನದಿಂದ ಹೇಳುವುದಾದರೆ, ಬಹುಶಃ ಅದನ್ನೇ ಹೇಳುತ್ತಿದ್ದೆ.

ಸಂಶಯ ನನ್ನ ವೃತ್ತಿಯಿಂದ ಬಂದದ್ದೆಂದು ನಾನು ಬಹಳ ಕಾಲ ನಂಬಿದ್ದೆ. ಹತ್ತನೆಯ ತರಗತಿ ಓದಿ ಅಂಗನವಾಡಿಗೆ ಕಾರ್ಯಕರ್ತೆಯಾಗಿ ಸೇರಿದವಳು ನಾನು. ಬಂದ ಬೇಳೆಯ ಚೀಲದೊಳಗೆ ಮೊಣಕೈ ತನಕ ಕೈ ಇಳಿಸಿ ತಳದ ಕಾಳು ಮೇಲೆ ತಂದು ನೋಡದೆ ಒಂದು ದಿನವೂ ಸಹಿ ಹಾಕಲಿಲ್ಲ. ಅದೇ ಕೈ ಸಂತೆಯಲ್ಲಿ ಬದನೆಕಾಯಿಯ ತೊಟ್ಟು ಎತ್ತಿ ನೋಡುತ್ತಿತ್ತು, ಮದುವೆಯ ಊಟದಲ್ಲಿ ಹೋಳಿಗೆಯ ಹೊಟ್ಟೆ ಬಿಡಿಸಿ ನೋಡುತ್ತಿತ್ತು. ಮಗಳ ನಿಶ್ಚಯದ ದಿನ ಬೀಗರು ತಂದ ಸೀರೆಯನ್ನು ಎಲ್ಲರೆದುರು ತಿರುಗಿಸಿ ಒಳಮೈ ನೋಡಿದವಳು ನಾನೇ ಎಂಬುದನ್ನು ಯಾದಗಿರಿಯ ನಮ್ಮ ಬೀಗರು ಇವತ್ತಿಗೂ ಮರೆತಿಲ್ಲ.

ಇಂಥವಳ ಗಂಡ ನಿವೃತ್ತಿಯಾದ ಮೇಲೆ ಬೇರೆ ಕೆಲಸವಿಲ್ಲದವರಂತೆ ಬಿಸ್ಕತ್ತು ಸುಡಲು ಹೊರಟರು. ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಇಡೀ ಆಯುಷ್ಯ ಗುಮಾಸ್ತರಾಗಿದ್ದು, ಕಾಲುವೆಯ ಕಡತಗಳನ್ನಲ್ಲದೆ ಬೇರೇನನ್ನೂ ಕಲಸಿ ನಾದಿ ಗೊತ್ತಿಲ್ಲದ ಮನುಷ್ಯ. ಮಗಳು ಫೋನಿನಲ್ಲಿ ಕೇಕು ಮಾಡುವ ವಿಡಿಯೋ ತೋರಿಸಿದ್ದೇ ನೆಪವಾಯಿತು. ಮೊದಲು ಕುಕ್ಕರಿನ ತಳಕ್ಕೆ ಉಪ್ಪು ಹಾಸಿ, ಸೀಟಿ ತೆಗೆದು, ಅದರಲ್ಲಿ ನಾನ್‌ಖಟಾಯಿ ಸುಟ್ಟರು. ಆಮೇಲೆ ಯಾದಗಿರಿಯಿಂದ ಒಂದು ಪುಟ್ಟ ಓವನ್ನನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಪುರುಷನೊಬ್ಬ ಏಕಾಏಕಿ ಅಡುಗೆಮನೆಗೆ ಬಂದರೆ ಹೆಂಗಸಿಗೆ ಅನುಮಾನ ಬರುವುದು ಸಹಜ. ಯಾವ ತಪ್ಪಿಗೆ ಈ ಪ್ರಾಯಶ್ಚಿತ್ತ ಎಂದು ನಾನು ತಿಂಗಳುಗಟ್ಟಲೆ ಯೋಚಿಸಿದೆ. ತಪ್ಪು ಸಿಗಲಿಲ್ಲ; ಅದೂ ಅನುಮಾನಕ್ಕೆ ಕಾರಣವಾಯಿತು.

ಅವರು ಒಂದೇ ತಿಂಡಿಯಲ್ಲಿ ನಿಲ್ಲುವವರಲ್ಲ. ಹೋಳಿಗೆಯ ಹೂರಣ ತುಂಬಿದ ಬಿಸ್ಕತ್ತು, ಶೇಂಗಾ ಕೇಕು, ಬೆಟ್ಟದ ಸೀತಾಫಲ ಬಂದ ಕಾಲಕ್ಕೆ ಸೀತಾಫಲದ ಪುಡಿಂಗು, ಜೋಳದ ಹಿಟ್ಟಿನದೊಂದು ಏನೋ. ಅದು ಕೇಕೋ ರೊಟ್ಟಿಯೋ ಎಂಬ ವಿವಾದ ನಮ್ಮಲ್ಲಿ ಕೊನೆಗೂ ತೀರ್ಮಾನವಾಗಲಿಲ್ಲ. ಪ್ರತಿಯೊಂದಕ್ಕೂ ನೋಟುಬುಕ್ಕಿನಲ್ಲಿ ಗೆರೆ ಎಳೆದು ಕಾಲಂ ಮಾಡಿದ್ದರು: ಕ್ರಮಸಂಖ್ಯೆ, ಸಾಮಗ್ರಿ, ಉರಿ, ಸಮಯ, ಕೊನೆಗೆ ಷರಾ. ಕಚೇರಿಯ ಕಾಗದದಲ್ಲಿ ಮೇಲಿನವರು ಅಭಿಪ್ರಾಯ ಬರೆಯುವ ಜಾಗವದು. ನಮ್ಮ ಮನೆಯಲ್ಲಿ ಮೇಲಿನವಳು ನಾನೇ. ನಾನು ತಿಂದು ಹೇಳುತ್ತಿದ್ದೆ, ಅವರು ದುಂಡಗೆ ಬರೆಯುತ್ತಿದ್ದರು: "ಏನೋ ಕಮ್ಮಿ." ಮೂರು ವರ್ಷದ ನೋಟುಬುಕ್ಕು ತಿರುವಿದರೆ ಕೇಕು, ಪುಡಿಂಗು, ಬಿಸ್ಕತ್ತು ಬದಲಾಗುತ್ತ ಹೋಗುತ್ತವೆ, ಷರಾ ಬದಲಾಗುವುದಿಲ್ಲ. ಅವರು ಒಮ್ಮೆಯೂ ಸಿಟ್ಟಾಗಲಿಲ್ಲ. ಮರುದಿನ ಜಾಜಿಕಾಯಿ ತುರಿದು ಹಾಕುತ್ತಿದ್ದರು, ಅದರ ಮರುದಿನ ಎಳ್ಳು.

ಆ ಮಂಗಳವಾರ ಮಾತ್ರ ಪೆನ್ನು ಜೇಬಿಗೆ ಹೋಯಿತು. ಬರೆಯಲಿಲ್ಲ. ನಮ್ಮ ಮದುವೆಯಲ್ಲಿ ಬಂದಿದ್ದ ದುಂಡನೆಯ ಸ್ಟೀಲ್ ಡಬ್ಬಿಗೆ ಉಳಿದ ಬಿಸ್ಕತ್ತಿನಲ್ಲಿ ಅರ್ಧ ತುಂಬಿ, ಸ್ಕೂಟರಿನ ಮುಂದೆ ಚೀಲದಲ್ಲಿಟ್ಟರು. ಆ ಡಬ್ಬಿಯ ತಳದಲ್ಲಿ ಚುಕ್ಕಿ ಚುಕ್ಕಿಯಾಗಿ "ಸಾಬಣ್ಣ" ಎಂದು ಕೊರೆಸಿದೆ.

"ಎಲ್ಲಿಗಿ?" ಎಂದು ಕೇಳಿದೆ.

"ಷರಾ ಬರಸ್ಕೊಂಡು ಬರ್ತೀನಿ," ಅಂದರು.

ದೀಪ ಹಚ್ಚುವ ಹೊತ್ತಿಗೆ ವಾಪಸು ಬಂದರು. ಕೈಯಲ್ಲಿ ಡಬ್ಬಿ ಇರಲಿಲ್ಲ, ಮುಖದಲ್ಲಿ ನಗು ಇತ್ತು. ಎರಡನ್ನೂ ನಾನು ಗಮನಿಸಿದೆ. ಚಹಾ ಕುಡಿಯುವಾಗ ನನ್ನ ತಟ್ಟೆಗೆ ಬಿಸ್ಕತ್ತು ಹಾಕಿದರು. ಒಂದಲ್ಲ, ಎರಡು. ಮೂರು ವರ್ಷದಲ್ಲಿ ಪರೀಕ್ಷೆಗೆಂದು ಕೊಟ್ಟದ್ದು ಯಾವಾಗಲೂ ಒಂದೇ.

"ಯಾಕ ಎರಡು?" ಎಂದೆ. "ಮೊದಲನೇದರಾಗ ಏನರ ಬಿದ್ದದೇನು?"

"ತಿನ್ನು ಮಾರಾಯ್ತಿ. ನಾಳಿ ಹೇಳ್ತೀನಿ."

ಎರಡನ್ನೂ ಮಗುಚಿ ನೋಡಿ ತಿಂದೆ. ಆಮೇಲೆ ನಾನು ಏನೂ ಹೇಳಲಿಲ್ಲ. ಅವರು ಅದನ್ನು ನೋಡಿ ಮತ್ತೆ ನಕ್ಕರು.

ಬುಧವಾರ ಬೆಳಿಗ್ಗೆ ಸ್ನಾನ ಮುಗಿಸಿ ಹೊಸ್ತಿಲ ಹತ್ತಿರ ಕುಳಿತವರು ಎದೆ ಹಿಡಿದುಕೊಂಡರು. ಆಟೋ ಬರುವಷ್ಟರಲ್ಲಿ ಮುಗಿದಿತ್ತು. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಬಂದವರೆಲ್ಲ ಹೋದ ಮೇಲೆ ನೋಟುಬುಕ್ಕು ತೆಗೆದೆ. ಕೊನೆಯ ಪುಟ: ಸಜ್ಜೆ ಬಿಸ್ಕತ್ತು. ಸಾಮಗ್ರಿ ಇದೆ, ಉರಿ ಇದೆ, ಸಮಯ ಇದೆ. ಷರಾ ಖಾಲಿ. ಒಂದು ಕಾಲಂ ಖಾಲಿ ಬಿಟ್ಟರೆ ನಿದ್ದೆ ಬಾರದ ಮನುಷ್ಯ ಅವರು. ನನಗೆ ಹೊಳೆದದ್ದು ಇಷ್ಟು: ಆ ದಿನ ಡಬ್ಬಿ ಎಲ್ಲಿಗೆ ಹೋಯಿತೋ ಅಲ್ಲಿ ಅವರಿಗೆ ಕಮ್ಮಿ ಏನೆಂದು ಗೊತ್ತಾಗಿದೆ. ನಾಳೆ ಹೇಳುತ್ತೇನೆಂದದ್ದು ಅದನ್ನೇ. ಆ ಒಂದು ಸಾಮಗ್ರಿ ಏನೆಂದು ತಿಳಿಯದೆ ನನಗೆ ಸಮಾಧಾನವಿರಲಿಲ್ಲ. ಅವರು ನನಗೆ ಹೇಳಬೇಕೆಂದಿದ್ದ ಕೊನೆಯ ಮಾತು ಯಾರದೋ ಅಡುಗೆಮನೆಯ ಗೋಡೆಯ ಗೂಡಿನಲ್ಲಿ ಮುಚ್ಚಳ ಹಾಕಿಕೊಂಡು ಕುಳಿತಿದೆ ಎಂಬುದನ್ನು ಹೇಗೆ ಸಹಿಸಲಿ?

ಹುಡುಕಾಟ ಶುರುವಾಯಿತು. ಸ್ಕೂಟರಿನ ಗಾಲಿ ಪರೀಕ್ಷಿಸಿದೆ. ನಮ್ಮ ಕಡೆ ಎಲ್ಲ ರಸ್ತೆಗೂ ಒಂದೇ ಧೂಳು, ಅದರಿಂದ ಏನೂ ತಿಳಿಯಲಿಲ್ಲ. ಪಕ್ಕದ ಮನೆಯ ಶರಣಮ್ಮನ ಗೋಡೆಯ ಗೂಡಿನಲ್ಲಿ ನಮ್ಮದೇ ತರಹದ ದುಂಡು ಡಬ್ಬಿ ಇತ್ತು. ಮೊಸರಿನ ಹೆಪ್ಪು ಕೇಳುವ ನೆಪದಲ್ಲಿ ಹೋಗಿ, ಆಕೆ ಒಳಗೆ ಹೋದ ಕೂಡಲೇ ಡಬ್ಬಿ ಇಳಿಸಿ ಮಗುಚಿದೆ. ತಳದಲ್ಲಿ ಆಕೆಯ ಅತ್ತೆಯ ಹೆಸರಿತ್ತು. ಬಾಗಿಲಲ್ಲಿ ಆಕೆ ನಿಂತಿದ್ದಳು.

"ನಮ್ಮ ಡಬ್ಬಿ ತಳದಾಗ ಏನ್ ನೋಡಾಕತ್ತೀದಿ ಮಾದೇವಕ್ಕ?"

"ತೂತು ಬಿದ್ದದೇನಂತ ನೋಡಿದೆವ್ವಾ."

"ಬಿದ್ದಿದ್ದಿಲ್ಲ. ನೀ ಹಿಂಗ ಕುಕ್ಕಿದ್ರ ಇನ್ನ ಬೀಳ್ತದ," ಅಂದಳು.

ಭೀಮರಾಯನಗುಡಿಗೆ ಹೋಗಿ ಅವರ ಕಚೇರಿಯ ಗೆಳೆಯ ಬಸಣ್ಣನವರನ್ನು ಕೇಳಿದೆ. ಆ ಮನುಷ್ಯ ಕಣ್ಣೊರೆಸಿಕೊಂಡೇ ಹೇಳಿದರು: "ನನಗ್ಯಾಕ ಕೊಡ್ತಾನ್ರಿ ವೈನಿ? ನನಗ ಶುಗರ್ ಅದ. ನಾ ಬರೇ ವಾಸನಿ ನೋಡಿ ಛಲೋ ಆಗ್ಯಾವ ಅನ್ನಾಂವ. ನನ್ನ ಷರಾ ಅಂವ ಲೆಕ್ಕಕ್ಕ ತಗೋತಿದ್ದಿಲ್ಲ." ಅವರ ಹೆಂಡತಿ ಚಹಾ ತಂದ ತಟ್ಟೆಯನ್ನೂ ನಾನು ಮಗುಚಿ ನೋಡಿದೆ. ಅದು ಅಭ್ಯಾಸಬಲ.

ಒಂದೊಂದು ಸಲ ಮನಸ್ಸು ಇನ್ನೂ ಕೆಳಗಿನ ದಾರಿಗೆ ಇಳಿಯುತ್ತಿತ್ತು. ಬಿಸ್ಕತ್ತು ತುಂಬಿಕೊಂಡು ಹೋಗಿ ನಗುತ್ತ ಬರುವ ಗಂಡಸಿನ ಬಗ್ಗೆ ಹೆಂಗಸು ಏನು ಊಹಿಸಬಹುದೋ ಅದನ್ನೂ ಊಹಿಸಿದೆ. ಊಹಿಸಿ, ಅರವತ್ತು ದಾಟಿದ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ, ಹಿಟ್ಟು ಮೆತ್ತಿದ ಆ ಮುಖ ನೆನಪಾಗಿ, ನಾಚಿಕೆಪಟ್ಟೆ.

ಡಬ್ಬಿ ಸಿಗಲಿಲ್ಲವಾದ್ದರಿಂದ ಸಾಮಗ್ರಿಯನ್ನಾದರೂ ಹುಡುಕೋಣವೆಂದು ನಾನೇ ಸಜ್ಜೆ ಬಿಸ್ಕತ್ತು ಸುಡಲು ಕುಳಿತೆ. ಇದರಲ್ಲೊಂದು ತೊಡಕಿತ್ತು. ನಮ್ಮಲ್ಲಿ ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ, ಸಿಹಿ ಮಾಡುವುದಿಲ್ಲ. ಬಂಧುಗಳೂ ಆ ಮನೆಗೆ ಸಿಹಿ ತರುವುದಿಲ್ಲ. ನಾನು ಮಾಡುತ್ತಿರುವುದು ಸಿಹಿಯಲ್ಲ, ತನಿಖೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ತುಪ್ಪ ಬೆಲ್ಲಗಳ ಪರಿಮಳಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಗೋಣಿತಟ್ಟು ತುರುಕಿ ಓವನ್ ಹಚ್ಚುತ್ತಿದ್ದೆ. ಆದರೂ ಗೋಡೆಯಾಚೆಯಿಂದ ಶರಣಮ್ಮನ ದನಿ ಬರುತ್ತಿತ್ತು.

"ಏನೋ ಘಮಾ ಘಮಾ ಅನ್ನಾಕತ್ತದಲ್ಲ ಅಕ್ಕಾ?"

"ಸಜ್ಜಿ ಹುರಿಯಾಕತ್ತೇನಿ."

"ಸಜ್ಜಿ ತುಪ್ಪದಾಗ ಹುರೀತಾರೇನ?"

ನಾನು ಗೋಣಿತಟ್ಟನ್ನು ಸಂದಿಗೆ ಇನ್ನಷ್ಟು ಒತ್ತಿ ತುರುಕುತ್ತಿದ್ದೆ. ಸಂಶಯ ನನ್ನೊಬ್ಬಳದೇ ಸೊತ್ತಲ್ಲವೆಂದು ಆಗ ತಿಳಿಯಿತು.

ಏಲಕ್ಕಿ ಹಾಕಿದೆ, ಒಣಶುಂಠಿ ಹಾಕಿದೆ, ಗಸಗಸೆ, ಒಣಕೊಬ್ಬರಿ, ಒಮ್ಮೆ ಚಿಟಿಕೆ ಕಾಳುಮೆಣಸೂ ಹಾಕಿದೆ. ತುಪ್ಪವನ್ನು ಸಂಶಯಿಸಿದೆ. ಹಿಂದಿನವರ ಜೋಳ ಪೂರ್ತಿ ಬೀಳುವ ಮುಂಚೆ ನಮ್ಮ ಸಜ್ಜೆ ಸುರಿದನೆಂದು ಗಿರಣಿಯವನನ್ನು ಸಂಶಯಿಸಿದೆ. ಪ್ರತಿ ಸಲವೂ ಒಂದೇ ಬಿಸ್ಕತ್ತು ತಿಂದು, ಖಾಲಿ ಅಡುಗೆಮನೆಗೆ "ಏನೋ ಕಮ್ಮಿ ಅದ" ಎಂದು ಹೇಳಿ, ಉಳಿದವನ್ನು ಪುಡಿ ಮಾಡಿ ಹಿತ್ತಲಲ್ಲಿ ಉದುರಿಸುತ್ತಿದ್ದೆ. ಇರುವೆಗಳು ಯಾವ ಷರಾ ಇಲ್ಲದೆ ಹೊತ್ತುಕೊಂಡು ಹೋದವು.

ಊರೆಲ್ಲವನ್ನೂ ಅನುಮಾನಿಸಿದ ನಾನು ಒಬ್ಬರನ್ನು ಮಾತ್ರ ಪಟ್ಟಿಗೆ ಸೇರಿಸಲಿಲ್ಲ: ಸುರಪುರದ ಚಿಗವ್ವ. ನನ್ನ ತಾಯಿಯ ತಂಗಿ. ತಾಯಿ ತೀರಿಕೊಂಡ ಮೇಲೆ ನಾನು ಬೆಳೆದದ್ದು ಗುಡ್ಡದ ಓಣಿಯ ಆಕೆಯ ಮನೆಯಲ್ಲಿ, ಆಕೆಯ ನಾಲ್ಕು ಮಕ್ಕಳ ಜೊತೆ. ಸಾಕಿದವಳನ್ನು ಯಾರಾದರೂ ಸಂಶಯಿಸುತ್ತಾರೆಯೇ? ಆ ವರ್ಷ ಆಕೆ ಮೂರು ನಾಲ್ಕು ಸಲ ಬಂದಿದ್ದಳು. ಪ್ರತಿ ಸಲವೂ ಪ್ಲಾಸ್ಟಿಕ್ ಚೀಲದಲ್ಲಿ ಖಾರದ ಚುರಮರಿ ತರುತ್ತಿದ್ದಳು, ಏನೋ ಹೇಳಲು ಬಾಯಿ ತೆರೆಯುತ್ತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು ಸುಮ್ಮನಾಗುತ್ತಿದ್ದಳು. ಅಳು ಎಂದುಕೊಂಡೆ.

ವರ್ಷದ ಕಾರ್ಯ ಮುಗಿದ ಮರುವಾರ ಚಿಗವ್ವ ಸುರಪುರದ ಬಸ್ಸಿಳಿದು, ಮೊಣಕಾಲು ಹಿಡಿದುಕೊಂಡು ನಮ್ಮ ಮನೆಯ ಮೆಟ್ಟಿಲು ಹತ್ತಿದಳು. ಟವೆಲ್ಲಿನಲ್ಲಿ ಸುತ್ತಿದ್ದ ಗಂಟನ್ನು ನನ್ನ ತೊಡೆಯ ಮೇಲಿಟ್ಟಳು. ಬಿಚ್ಚಿದರೆ ದುಂಡು ಡಬ್ಬಿ. ಒಳಗೇನಿದೆ ಎಂದು ನೋಡುವ ಮೊದಲು ಎತ್ತಿ ತಳ ನೋಡಿದೆ. "ಸಾಬಣ್ಣ." ಕೊನೆಯ ಅಕ್ಷರದ ಚುಕ್ಕಿ ಸವೆದಿತ್ತು.

"ವರ್ಷಾನಗಟ್ಲೆ ನಿನ್ನ ಹತ್ರ ಇತ್ತೇನಬೇ ಇದು?" ನನ್ನ ದನಿ ಏರಿತ್ತು. "ನಾ ಊರೆಲ್ಲಾ ಹುಡಿಕೀನಿ!"

"ಖಾಲಿ ಡಬ್ಬಿ ಹ್ಯಾಂಗ ತಿರುಗಿ ಕೊಡ್ಲೆವ್ವಾ?" ಅಂದಳು ಚಿಗವ್ವ. "ತುಂಬಿ ಬಂದ ಡಬ್ಬಿ ತುಂಬಿ ಹೋಗಬೇಕು. ಸಿಹಿ ತುಂಬಿ ಕೊಡೂಣಂದ್ರ ನಿನ್ನ ಮನಿಗಿ ವರ್ಷ ತುಂಬಿದ್ದಿಲ್ಲ. ಖಾರ ತುಂಬಿ ಕೊಟ್ಟಿದ್ರ, ಸಿಹಿ ಬಂದ ಡಬ್ಬ್ಯಾಗ ಖಾರ ಯಾಕ ಹಾಕ್ಯಾಳಂತ ನೀನ ಸಂಶೆ ಹಿಡೀತಿದ್ದಿ. ನನಗ ನೀ ಗೊತ್ತಿಲ್ಲದಾಕಿ ಏನು?"

ಅದು ನಿಜ. ಹಿಡಿಯುತ್ತಿದ್ದೆ.

"ಡಬ್ಬಿ ಹೋಗ್ಲಿ. ಅವರು ಬಂದಿದ್ರಂತ ಒಂದ್ ಮಾತರ ಹೇಳಬಾರದಿತ್ತಾ?"

"ನಾನ ಹೇಳ್ತೀನಿ ಅತ್ತಿ, ನೀವು ಬಾಯಿ ಬಿಡಬ್ಯಾಡ್ರಿ ಅಂತ ಮಾತು ತಗೊಂಡು ಹೋದ. ಹೇಳಾಂವ ಹ್ವಾದ. ಆ ಮ್ಯಾಲ ಅಂವನ ಮಾತು ನಾ ಹ್ಯಾಂಗ ಹೇಳ್ಲಿ? ಬಂದಾಗೊಮ್ಮೆ ಹೇಳಬೇಕಂತೀನಿ, ನಾಲಿಗಿ ಏಳವಲ್ದು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಡಬ್ಬಿ ಹಿಡ್ಕೊಂಡು ಬಂದಿದ್ದ. ಇದರಾಗ ಏನ್ ಕಮ್ಮಿ ಅದ ಹೇಳ್ರಿ, ಆಕಿ ಬೆಳೆದ ಮನಿ ನಿಮ್ಮದು, ಆಕಿ ನಾಲಿಗಿ ನಿಮಗ ಗೊತ್ತಿರ್ತದ ಅಂದ. ನಾ ಒಂದು ತಿಂದೆ. ಇನ್ನೊಂದು ತಿಂದೆ."

"ಏನ್ ಕಮ್ಮಿ ಇತ್ತು?"

"ಏನೂ ಇಲ್ಲ."

ನನಗೆ ನಂಬಿಕೆ ಬರಲಿಲ್ಲ. ಚಿಗವ್ವ ನನ್ನ ಮುಖ ನೋಡಿ ನಕ್ಕಳು. "ಆಕಿ ಸಣ್ಣಾಕಿದ್ದಾಗಿಂದ ಹಂಗ ಅಂತಾಳೋ ತಮ್ಮಾ ಅಂದೆ. ಉಂಡಿ ಕೊಟ್ರೂ ಅಷ್ಟ, ಹೋಳಿಗಿ ಕೊಟ್ರೂ ಅಷ್ಟ. ನನ್ನ ಮಕ್ಕಳು ಇನ್ನೊಂದು ಕೊಡಬೇ ಅಂತ ಕಸ್ಕೋತಿದ್ರು. ನಿನಗ ಬಾಯಿ ಬರ್ತಿದ್ದಿಲ್ಲ. ಒಂದು ತಿಂದು, ಏನೋ ಕಮ್ಮಿ ಅದ ಚಿಗವ್ವಾ ಅಂತ ನಿಂದ್ರತಿದ್ದಿ. ನಾ ಇನ್ನೊಂದು ಕೊಡ್ತಿದ್ದೆ. ಅದನ್ನ ತಿಂದು ಸುಮ್ನಾಗತಿದ್ದಿ. ಇಷ್ಟ ಹೇಳಿದೆ. ಕೇಳಿ, ನಕ್ಕೋಂತ ಸ್ಕೂಟರ್ ಏರಿದ."

ನನಗೆ ಇದು ನೆನಪಿರಲಿಲ್ಲ. ಬೇಳೆಯ ಚೀಲಗಳಿಂದ ಕಲಿತೆನೆಂದುಕೊಂಡ ಸಂಶಯ ಎಲ್ಲಿಂದ ಬಂದಿತ್ತು ನೋಡಿ. ಇನ್ನೊಬ್ಬರ ಮನೆಯಲ್ಲಿ ಬೇಕು ಎನ್ನಲು ಹೆದರುವ ಮಗು ಕೊಟ್ಟದ್ದರಲ್ಲಿ ಕೊರತೆ ಹುಡುಕುವುದನ್ನು ಕಲಿಯುತ್ತದೆ. ಆಮೇಲೆ ಆ ಮನೆ ಬಿಟ್ಟರೂ, ಮನೆಯೇ ತನ್ನದಾದರೂ, ಮಾತು ಬಿಡುವುದಿಲ್ಲ. ಮೂರು ವರ್ಷ ನಾನು ಅವರ ಬಿಸ್ಕತ್ತನ್ನು ಹಳಿಯುತ್ತಿದ್ದೇನೆಂದು ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಇನ್ನೊಂದು ಕೊಡಿ ಎಂದು ಕೇಳುತ್ತಿದ್ದೆನೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವರಿಗೆ ಒಂದು ಸಂಜೆಯ ಮಟ್ಟಿಗೆ ಗೊತ್ತಾಯಿತು. ತಟ್ಟೆಗೆ ಎರಡು ಹಾಕಿದರು.

ಡಬ್ಬಿಯಲ್ಲಿ ಚಿಗವ್ವ ತಂದದ್ದು ಸಜ್ಜೆ ರೊಟ್ಟಿ ಮುರಿದು ಬೆಲ್ಲ ತುಪ್ಪ ಹಾಕಿ ಕುಟ್ಟಿದ ಮಾಲದಿ. ಒಂದು ಉಂಡೆ ತಿಂದೆ. ನಾನು ಏನೂ ಹೇಳುವ ಮೊದಲೇ ಆಕೆ ಇನ್ನೊಂದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

ಈಗ ಕಿಟಕಿ ತೆರೆದೇ ಓವನ್ ಹಚ್ಚುತ್ತೇನೆ. ಶರಣಮ್ಮನಿಗೂ ಕೊಡುತ್ತೇನೆ, ಆಕೆ ಬಿಸ್ಕತ್ತು ಮಗುಚಿ ತಳ ನೋಡಿ, "ನಿನ್ನಿಂದನ ಕಲ್ತೀನಿ ನೋಡಕ್ಕ" ಎಂದು ಕಣ್ಣು ಮಿಟುಕಿಸುತ್ತಾಳೆ. ಕಾಳುಮೆಣಸು, ಶುಂಠಿ, ಗಸಗಸೆ ಎಲ್ಲ ಬಿಟ್ಟು ನೋಟುಬುಕ್ಕಿನ ಕೊನೆಯ ಪುಟದಲ್ಲಿ ಇರುವಷ್ಟನ್ನೇ ಹಾಕುತ್ತೇನೆ. ಷರಾ ಕಾಲಮ್ಮಿನಲ್ಲಿ ನಾನು ಬರೆಯಬಹುದು, ಪೆನ್ನೂ ಇದೆ. ಅದು ಅವರ ಅಕ್ಷರದ ಜಾಗವೆಂದು ಬಿಟ್ಟಿದ್ದೇನೆ.

ಇವತ್ತು ಬೆಳಿಗ್ಗೆಯೂ ಒಂದು ಸಜ್ಜೆ ಬಿಸ್ಕತ್ತು ಕೈಗೆತ್ತಿಕೊಂಡು ಮಗುಚಿ ನೋಡಿದೆ. ತಳ ಸರಿಯಾಗಿ ಬೆಂದಿದೆ. ತಿಂದೆ. ಬಿಸ್ಕತ್ತಿನಲ್ಲಿ ಏನೂ ಕಮ್ಮಿ ಇಲ್ಲ. ಎರಡನೆಯದನ್ನು ತಟ್ಟೆಗೆ ಹಾಕುವ ಕೈ ಇಲ್ಲ.